ಮನವಿಪತ್ರ ಸಾಲದು, ವಕೀಲರೂ ಬೇಕು

ಮೊಹಲ್ಲಾದ ಬಾವಿಯ ನೀರು ಬಣ್ಣ ಬದಲಿಸಿದರೆ ನಾವು ಮಾಡುವುದೇನು? ಮಸೀದಿಯ ಅಂಗಳದಲ್ಲಿ ಸೇರಿ ಚರ್ಚಿಸುತ್ತೇವೆ, ಶಾಸಕರಿಗೆ ಮನವಿಪತ್ರ ಅರ್ಪಿಸುತ್ತೇವೆ, ಅದರ ಫೋಟೋ ಪತ್ರಿಕೆಯಲ್ಲಿ ಬಂದರೆ ಅರ್ಧ ಸಮಾಧಾನ ಪಡುತ್ತೇವೆ. ಭರವಸೆ ಸಿಗುತ್ತದೆ, ತಿಂಗಳುಗಳು ಉರುಳುತ್ತವೆ. ಕೊನೆಗೆ ಯಾರಾದರೂ ವಕೀಲರ ಮಾತೆತ್ತುವ ಹೊತ್ತಿಗೆ ಕಾನೂನು ನೀಡಿದ ಗಡುವೇ ಮುಗಿದಿರುತ್ತದೆ.

ಈ ಗಡುವಿನ ಕುರಿತು ನಮ್ಮಲ್ಲಿ ಬಹುಮಂದಿಗೆ ಅರಿವಿಲ್ಲ. ಪರಿಸರ ವ್ಯಾಜ್ಯಗಳಿಗೆಂದೇ 2010ರ ಕಾಯ್ದೆಯ ಮೂಲಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾಪನೆಯಾಯಿತು. ಕರ್ನಾಟಕದ ಪ್ರಕರಣಗಳನ್ನು ಚೆನ್ನೈಯಲ್ಲಿರುವ ಅದರ ದಕ್ಷಿಣ ವಲಯ ಪೀಠ ಆಲಿಸುತ್ತದೆ. ಕಾರ್ಖಾನೆಯೊಂದಕ್ಕೆ ದೊರೆತ ಪರಿಸರ ಅನುಮತಿಯನ್ನು ಪ್ರಶ್ನಿಸಲು ಇರುವ ಅವಧಿ ಕೇವಲ 30 ದಿನ. ಮಾಲಿನ್ಯದ ವಿರುದ್ಧದ ಅರ್ಜಿಗೆ, ವಿವಾದದ ಕಾರಣ ಮೊದಲು ಉದ್ಭವಿಸಿದ ದಿನದಿಂದ ಆರು ತಿಂಗಳು. ಸಕಾರಣವಿದ್ದರೆ ಎರಡಕ್ಕೂ ಇನ್ನು 60 ದಿನಗಳ ರಿಯಾಯಿತಿಯುಂಟು, ಅದರಾಚೆಗಿಲ್ಲ. ನಷ್ಟ ಪರಿಹಾರದ ಅರ್ಜಿಗೆ ಮಾತ್ರ ಐದು ವರ್ಷಗಳ ಅವಕಾಶವಿದೆ.

ಹಾಗಾದರೆ ಯಾವ ವಕೀಲರು? ಆಸ್ತಿ ಪಾಲು, ಬಾಡಿಗೆ, ಜೀವನಾಂಶದ ಪ್ರಕರಣಗಳಲ್ಲಿ ನಮಗೆ ನೆರವಾದವರ ಬಳಿಗೇ ಇದಕ್ಕೂ ಓಡುವುದು ವಾಡಿಕೆ. ಅವರ ಪ್ರಾಮಾಣಿಕತೆ ಪ್ರಶ್ನಾತೀತವಿರಬಹುದು, ಆದರೆ ಈ ಕ್ಷೇತ್ರವೇ ಬೇರೆ. ಬಾರ್ ಕೌನ್ಸಿಲ್ ನಿಯಮದಂತೆ ವಕೀಲರು ಜಾಹೀರಾತು ನೀಡುವಂತಿಲ್ಲ, ಆದ್ದರಿಂದ ಹುಡುಕುವ ಹೊಣೆ ನಮ್ಮದು. ನ್ಯಾಯಮಂಡಳಿಯ ಆದೇಶಗಳು ಅದರ ಜಾಲತಾಣದಲ್ಲಿ ಲಭ್ಯವಿವೆ, ಅವುಗಳಲ್ಲಿ ವಾದಿಸಿದವರ ಹೆಸರಿರುತ್ತದೆ. ಕಾಲೇಜು ಓದುವ ನಮ್ಮ ಮಕ್ಕಳು ಒಂದು ಸಂಜೆ ಕುಳಿತರೆ, ನಮ್ಮ ಜಿಲ್ಲೆಯ ಪ್ರಕರಣಗಳನ್ನು ನಡೆಸಿದವರು ಯಾರೆಂದು ತಿಳಿಯಬಹುದು. ಅವರಲ್ಲಿ ಎದುರಾಳಿ ಕಂಪೆನಿಯ ಪರ ಎಂದಾದರೂ ವಾದಿಸಿದವರಿದ್ದಾರೆಯೇ ಎಂದು ನೇರವಾಗಿ ಕೇಳಬೇಕು. ಕೇಳಲು ಸಂಕೋಚವೇಕೆ?

ದೂರದ ಪ್ರಖ್ಯಾತರಿಗಿಂತ ಹತ್ತಿರದವರು ಇಲ್ಲಿ ಹೆಚ್ಚು ಉಪಯುಕ್ತರು ಎಂಬುದು ನಮ್ಮ ಅಭಿಪ್ರಾಯ. ಇಂಥ ಪ್ರಕರಣ ನಿಲ್ಲುವುದು ಅಥವಾ ಬೀಳುವುದು ವಾದ ವೈಖರಿಯಿಂದಲ್ಲ, ಕಡತದಿಂದ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ, ಮಂಡಳಿಯ ಅಧಿಕಾರಿ ತ್ಯಾಜ್ಯ ನೀರಿನ ಮಾದರಿ ತೆಗೆಯುವಾಗ ನೋಟೀಸು, ಮೊಹರು, ಸಹಿಗಳ ಕ್ರಮ ತಪ್ಪಿದರೆ ಆ ವರದಿ ಸಾಕ್ಷ್ಯವೇ ಆಗದು. ಪಂಚಾಯತ್ ದಾಖಲೆ, ಮಾಲಿನ್ಯ ನಿಯಂತ್ರಣ ಮಂಡಳಿ ನೀಡಿದ ಸಮ್ಮತಿ ಪತ್ರದ ಷರತ್ತುಗಳು, ಮಾಹಿತಿ ಹಕ್ಕಿನಡಿ ಪಡೆದ ಪ್ರತಿಗಳು, ಇವನ್ನೆಲ್ಲ ಒಟ್ಟುಗೂಡಿಸಲು ಸ್ಥಳದಲ್ಲೇ ಇರುವವರು ಬೇಕು.

ಇನ್ನು ನಾವು ಮಾತಾಡಲು ಹಿಂಜರಿಯುವ ವಿಷಯವೊಂದಿದೆ. ನೀರು ಕೆಡಿಸುತ್ತಿರುವವರು ನಮ್ಮವರೇ ಆಗಿದ್ದರೆ? ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟಿ ಕೋಲಾರ ಜಿಲ್ಲೆಯನ್ನು ಹಾದು ತಮಿಳುನಾಡು ತಲಪುವ ಪಾಲಾರ್ ನದಿಯ ತೀರದಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳಿವೆ. ಅಲ್ಲಿನ ಚರ್ಮ ಹದಮಾಡುವ ಉದ್ದಿಮೆಯಲ್ಲಿ ಮುಸ್ಲಿಮ್ ವ್ಯಾಪಾರಿ ಮನೆತನಗಳ ಪಾತ್ರ ದೊಡ್ಡದು. ಅದು ಸಾವಿರಾರು ಮಂದಿಗೆ ಅನ್ನ ನೀಡಿತು, ನದಿಯನ್ನೂ ಕೆಡಿಸಿತು. ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ಣವಾಗಿ ಬೇಸಾಯಕ್ಕೆ ಅಯೋಗ್ಯವಾಗಿದೆ ಎಂಬ ವರದಿ ಸುಪ್ರೀಮ್ ಕೋರ್ಟಿನ ಮುಂದಿತ್ತು. ದಾವೆ ಹೂಡಿದ್ದು ವೆಲ್ಲೂರು ನಾಗರಿಕ ಕಲ್ಯಾಣ ವೇದಿಕೆ, ಅದಕ್ಕಾಗಿ ಶ್ರಮಿಸಿದವರು ವಕೀಲ ಎಂ.ಸಿ. ಮೆಹ್ತಾ. 1996 ಆಗಸ್ಟ್ 28ರ ತೀರ್ಪಿನಲ್ಲಿ, ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕೆಂಬ ತತ್ವ ಈ ನೆಲದ ಕಾನೂನಿನ ಭಾಗವೆಂದು ನ್ಯಾಯಾಲಯ ಸಾರಿತು. ಪ್ರತಿ ಟ್ಯಾನರಿಗೂ 10,000 ರೂಪಾಯಿ ದಂಡ ವಿಧಿಸಿತು. ಮೆಹ್ತಾ ಅವರ ಶುಲ್ಕ ಮತ್ತು ಖರ್ಚಿಗೆಂದು 50,000 ರೂಪಾಯಿ ಪಾವತಿಸುವಂತೆ ರಾಜ್ಯ ಸರಕಾರಕ್ಕೆ ಆದೇಶಿಸಿತು. ಆದರೂ 2025 ಜನವರಿ 30ರಂದು ಅದೇ ಪ್ರದೇಶದ ಟ್ಯಾನರಿ ಮಾಲಿನ್ಯದ ಬಗ್ಗೆ ಸುಪ್ರೀಮ್ ಕೋರ್ಟು ಮತ್ತೆ ನಿರ್ದೇಶನ ನೀಡಬೇಕಾಯಿತು.

ಆ ವಿಷ ಬೆರೆತ ನೀರು ಕುಡಿದವರಲ್ಲಿ ಕಾರ್ಮಿಕರ ಮಕ್ಕಳೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಮೀನು ಸಂಸ್ಕರಣೆ, ಚರ್ಮ, ಗುಜರಿ ವ್ಯಾಪಾರ ನಡೆಸುವ ನಮ್ಮ ಸಹೋದರರು ದಾವೆಯ ನೋಟೀಸು ಬರುವವರೆಗೆ ಕಾಯದೆ, ಘಟಕ ಆರಂಭಿಸುವ ಮುನ್ನವೇ ಪರಿಸರ ಕಾನೂನು ಬಲ್ಲವರ ಸಲಹೆ ಪಡೆದರೆ ಅವರಿಗೂ ಕ್ಷೇಮ, ನೆರೆಯವರಿಗೂ ಕ್ಷೇಮ.

ಶುಲ್ಕದ ಮಾತು ಮೊದಲೇ, ಬರವಣಿಗೆಯಲ್ಲಿ ಆಗಬೇಕು. ಪ್ರತಿ ಪಾವತಿಗೂ ರಶೀದಿ ಇರಬೇಕು. ಪರಿಹಾರದ ಮೊತ್ತದಲ್ಲಿ ಇಷ್ಟು ಪಾಲು ಕೊಡಿ ಎನ್ನುವ ವಕೀಲರಿಂದ ದೂರವಿರಬೇಕು, ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ. ಪರಿಹಾರ ಕೇಳದ ಅರ್ಜಿಗೆ ನ್ಯಾಯಮಂಡಳಿಯ ಶುಲ್ಕ 1,000 ರೂಪಾಯಿ ಮಾತ್ರ. ಒಂದು ಜಮಾಅತಿಗೆ ಅದು ಭಾರವೇ?

ವಕೀಲರ ಶುಲ್ಕ ಭರಿಸಲಾಗದವರಿಗೂ ದಾರಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು, ನ್ಯಾಯಮಂಡಳಿಗಳ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದು, 15100 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ಬಾವಿ ಕೆಟ್ಟಾಗ ಕೊಡ ಹಿಡಿದು ಅಲೆಯುವವರು ನಮ್ಮ ತಾಯಂದಿರು ಮತ್ತು ಸಹೋದರಿಯರು. ಅರ್ಜಿ ಅವರ ಹೆಸರಿನಲ್ಲೇ ಏಕೆ ಹೋಗಬಾರದು?