ಹಾಯಿಯ ಹೊದಿಕೆ: ಹೋದದ್ದು ನೂಲು, ಬಿಸಾಡಿದ್ದು ಬಟ್ಟೆ!

ಮಂಗಳೂರಿನಲ್ಲಿ ಹಾಯಿದೋಣಿ ಇಟ್ಟುಕೊಂಡವರು ಎಷ್ಟು ಮಂದಿ? ಬೆರಳಲ್ಲಿ ಎಣಿಸಬಹುದು. ಅವರ ಹಾಯಿಗೆ ಹೊದಿಸುವ ಬಟ್ಟೆ ಹರಿದರೆ ನಮಗೆಂತ ಮಾರಾಯ್ರೆ, ಸ್ಟೇಟ್‌ಬ್ಯಾಂಕಿನಲ್ಲಿ ಕೂರಲಿಕ್ಕೆ ಸೀಟು ಸಿಕ್ಕಿದರೆ ಸಾಕಾಗಿದೆ, ಎಂದು ಓದುಗರು ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅಂಗಡಿಯೆದುರು ಟಾರ್ಪಾಲು ಕಟ್ಟಿಕೊಂಡವರು, ಹುಡ್ ಹರಿದ ರಿಕ್ಷಾದಲ್ಲಿ ತೊಡೆ ಮೇಲೆ ನೀರು ಬೀಳಿಸಿಕೊಂಡವರು ಇದನ್ನು ಒಮ್ಮೆ ಓದಬೇಕು. ಕಾಯಿಲೆ ಒಂದೇ, ಮದ್ದೂ ಹೆಚ್ಚುಕಡಿಮೆ ಒಂದೇ.

ಮೊದಲು ಸಂಗತಿ ಏನೆಂದು ಹೇಳಿಬಿಡೋಣ. ಮಕ್ಕಳು ಕಲಿಯುವ ಚಿಕ್ಕ ದೋಣಿಗಳಲ್ಲಿ ಆಟ ಮುಗಿದ ಕೂಡಲೇ ಹಾಯಿ ಬಿಚ್ಚಿ, ಸುತ್ತಿ, ಒಳಗಿಡುತ್ತಾರೆ. ಅದಕ್ಕಿಂತ ಸ್ವಲ್ಪ ದೊಡ್ಡದು, 18-20 ಅಡಿಯ ದೋಣಿಯಲ್ಲಿ ಹಾಗೆ ಮಾಡುವುದಿಲ್ಲ. ಹಾಯಿಯನ್ನು ಕೆಳಗಿನ ಅಡ್ಡಮರದ ಮೇಲೆ, ದೋಣಿಯವರು ಬೂಮ್ ಎನ್ನುತ್ತಾರಲ್ಲ ಅದರ ಮೇಲೆ, ಸೀರೆ ನೆರಿಗೆ ಹಾಕಿದ ಹಾಗೆ ಮಡಚಿ ಕಟ್ಟಿ, ಮೇಲಿಂದ ಉದ್ದನೆಯ ಚೀಲದಂಥ ಹೊದಿಕೆ ಹಾಕುತ್ತಾರೆ. ದಿಂಬಿಗೆ ಕವರು ಇದ್ದ ಹಾಗೆ.

ಈ ಹೊದಿಕೆ ಮಳೆಗೆ ಎಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ ಸ್ವಾಮೀ, ಅದು ಬಿಸಿಲಿಗೆ! ಹಿಂದೆ ನಮ್ಮ ಬಂದರಿನ ಮಂಜಿಗಳಲ್ಲಿ ಇದ್ದದ್ದು ಹತ್ತಿಯ ಹಾಯಿ. ಅದರ ಶತ್ರು ತೇವ. ಒದ್ದೆ ಹಾಯಿ ಮಡಚಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತಿತ್ತು. 1950ರ ದಶಕದಿಂದ ಪಾಲಿಯೆಸ್ಟರ್ ಹಾಯಿ ಬಂತು. ಅದು ಕೊಳೆಯುವುದಿಲ್ಲ, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಳಗಿಂದೊಳಗೇ ಸಾಯುತ್ತದೆ. ನೋಡಲು ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ. ಒಂದು ದಿನ ಗಾಳಿ ಜೋರಾಗಿ ಬಂದಾಗ ಹಪ್ಪಳದ ಹಾಗೆ ಮುರಿಯುತ್ತದೆ. ಹೀಗಾಗಬಾರದು ಎಂದೇ ಹೊದಿಕೆ.

ಹೊದಿಕೆಗೆ ಒಳ್ಳೆಯ ಬಟ್ಟೆ ಎಂದರೆ ಅಕ್ರಿಲಿಕ್ ಕ್ಯಾನ್ವಾಸ್. 1961ರಲ್ಲಿ ಅಮೆರಿಕದಲ್ಲಿ ಸನ್‌ಬ್ರೆಲ್ಲಾ ಎಂಬ ಹೆಸರಿನಲ್ಲಿ ಬಂದದ್ದು. ನೂಲು ತೆಗೆಯುವ ಮೊದಲೇ ಬಣ್ಣ ಬೆರೆಸಿರುತ್ತಾರೆ, ಮೂಲಂಗಿಯ ಹಾಗೆ ಮೇಲೆ ಮಾತ್ರ ಕೆಂಪಲ್ಲ, ಗಜ್ಜರಿಯ ಹಾಗೆ ಒಳಗೂ ಕೆಂಪು. ಹಾಗಾಗಿ ವರ್ಷಗಟ್ಟಲೆ ಬಾಳುತ್ತದೆ. ಬಾಳದೆ ಇರುವುದು ಹೊಲಿಗೆಯ ನೂಲು. ಬಟ್ಟೆಗಿಂತ ಮೇಲೆ ಎದ್ದು ನಿಂತು ಬಿಸಿಲಿಗೆ ಮೈಯೊಡ್ಡುವುದು ಅದೇ ತಾನೇ? ನಮ್ಮ ಕರಾವಳಿಯ ಬಿಸಿಲು, ಮೇಲಿಂದ ಉಪ್ಪು ಗಾಳಿ. ಮೂರ್ನಾಲ್ಕು ವರ್ಷಕ್ಕೆ ನೂಲು ಪುಡಿಯಾಗುತ್ತದೆ, ಹೊದಿಕೆ ಬಾಯಿ ಬಿಡುತ್ತದೆ. ನೋಡಿದವರು “ಹರಿಯಿತು, ಬಿಸಾಡಿ” ಎನ್ನುತ್ತಾರೆ. ಹರಿದದ್ದೆಲ್ಲಿ? ಬಿಚ್ಚಿಕೊಂಡದ್ದು ಅಷ್ಟೇ.

ಊರಿನ ಒಂದು ಸಂಸ್ಥೆಯ ದೋಣಿಯನ್ನು ನಾವು ಎರಡು ಬೇಸಿಗೆ ನೋಡಿದ್ದೇವೆ. ಹೆಸರು ಬೇಡ. ಮೊದಲ ಬೇಸಿಗೆಯಲ್ಲಿ ಕೂವೆಮರದ ಬಳಿ ಹೊಲಿಗೆ ಎರಡು ಗೇಣು ಬಿಟ್ಟಿತ್ತು. “ಹೊಲಿಸಬಾರದಾ?” ಎಂದು ಕೇಳಿದರೆ ದೋಣಿ ನೋಡಿಕೊಳ್ಳುವ ಹುಡುಗ ಹೇಳಿದ್ದು: “ಹೊಲಿಸಲಿಕ್ಕೆ ಬಿಲ್ಲು ಪಾಸಾಗುದಿಲ್ಲ ಸಾರ್. ಹೊಸತಕ್ಕೆ ಬರೆದು ಹಾಕಿದ್ದಾರೆ.” ಹೊಸತು ಬರುವ ತನಕ ಸಂತೆಯ ನೀಲಿ ಪ್ಲಾಸ್ಟಿಕ್ ಶೀಟು ಸುತ್ತಿದರು. ಅದು ಗಾಳಿಗೆ ಪಟಪಟ ಬಡಿದು ಹಾಯಿಯನ್ನೇ ಉಜ್ಜಿತು. ಒಳಗೆ ಬೆವರು ಕಟ್ಟಿ ಕಪ್ಪು ಚುಕ್ಕೆ ಬಂತು. ಮಳೆ ಬರುವುದರೊಳಗೆ ಶೀಟೂ ಚಿಂದಿ. ಎರಡನೇ ಬೇಸಿಗೆಗೆ ಹೊಸ ಹೊದಿಕೆ ಬಂದದ್ದು ನಿಜ, ಆದರೆ ಹೊದಿಸಲಿಕ್ಕೆ ಹಾಯಿ ಇರಲಿಲ್ಲ. ಮಡಿಕೆಯ ಉದ್ದಕ್ಕೂ ಸೀಳಿಹೋಗಿತ್ತು. ಕಲಿಯಲು ಬಂದ ಹುಡುಗರು ದಡದಲ್ಲಿ ಗಂಟು ಹಾಕುವುದನ್ನು ಕಲಿತು ಮನೆಗೆ ಹೋದರು.

ಹೊಲಿಗೆಗೆ ಹೋಗುವುದು ನೂರರ ಲೆಕ್ಕ. ಹೊಸ ಹೊದಿಕೆಗೆ ಸಾವಿರದ ಲೆಕ್ಕ. ಹೊಸ ಹಾಯಿಗೆ ಹತ್ತು ಸಾವಿರದ ಮೇಲಿನ ಲೆಕ್ಕ. ಗಲ್ಲಾದಲ್ಲಿ ಕೂತ ಯಾವ ಅಂಗಡಿಯವನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಡತಕ್ಕೆ ಹೇಳುವವರು ಯಾರು? “ಖರೀದಿ” ಎಂದು ಒಂದು ಕಾಲಂ ಉಂಟು, “ಹೊಲಿಗೆ” ಎಂದು ಇಲ್ಲ!

ಹಾಗಾದರೆ ಹೊಲಿಸುವುದಾ, ಬದಲಾಯಿಸುವುದಾ, ತಿಳಿಯುವುದು ಹೇಗೆ? ಕಷ್ಟವಿಲ್ಲ. ಹೊದಿಕೆಯ ನೆತ್ತಿ, ಅಂದರೆ ಅತಿ ಹೆಚ್ಚು ಬಿಸಿಲು ತಿಂದ ಜಾಗ ಹಿಡಿದುಕೊಳ್ಳಿ. ಎರಡು ಹೆಬ್ಬೆರಳಲ್ಲಿ ಬಟ್ಟೆಯನ್ನು ಗಟ್ಟಿಯಾಗಿ ಎಳೆಯಿರಿ. ಬಟ್ಟೆಯೇ ಸೀಳಿತೋ, ಋಣ ತೀರಿತು, ಅದಕ್ಕೆ ಇನ್ನು ನೂಲು ಹಾಕುವುದು ದಂಡ. ಬಟ್ಟೆ ನಿಂತಿತೋ, ಹೊಲಿಗೆಯನ್ನು ಉಗುರಲ್ಲಿ ಕೆರೆದು ನೋಡಿ. ನೂಲು ಪುಡಿಪುಡಿಯಾಗಿ ಎದ್ದರೆ ಆ ಒಂದು ಕಡೆ ಮಾತ್ರವಲ್ಲ, ಎಲ್ಲಾ ಹೊಲಿಗೆಯನ್ನೂ ಮತ್ತೊಮ್ಮೆ ಹೊಡೆಸಬೇಕು. ಇವತ್ತು ಇಲ್ಲಿ ಬಿಟ್ಟದ್ದು ನಾಳೆ ಪಕ್ಕದಲ್ಲಿ ಬಿಡುತ್ತದೆ.

ಯಾರ ಹತ್ತಿರ ಹೋಗುವುದು? ಬೊಂಬಾಯಿಗೆ ಕಳಿಸುವುದು ಬೇಡ. ರಿಕ್ಷಾದ ಹುಡ್, ಬಸ್ಸಿನ ಸೀಟು ಹೊಲಿಯುವ ಕುಶನ್ ವರ್ಕ್ಸ್ ಪ್ರತಿ ಊರಲ್ಲೂ ಉಂಟು. ಅವರ ಮಿಷನ್ನಿಗೆ ಈ ಬಟ್ಟೆ ಒಂದು ಲೆಕ್ಕವೇ ಅಲ್ಲ. ಆದರೆ ನಾಲ್ಕು ಮಾತು ಮೊದಲೇ ಹೇಳಬೇಕು. ನೈಲಾನ್ ನೂಲು ಬೇಡ, ಎಳೆದರೆ ಗಟ್ಟಿ, ಬಿಸಿಲಿಗೆ ಬಾಳದು. ಹೊರಗಿನ ಬಳಕೆಗೆಂದೇ ಮಾಡಿದ ದಪ್ಪ ಪಾಲಿಯೆಸ್ಟರ್ ನೂಲು ಬೇಕು. ಇಂಚಿಗೆ ಐದಾರು ಹೊಲಿಗೆ ಸಾಕು. ಒತ್ತೊತ್ತಾಗಿ ಹೊಡೆದರೆ ಅಂಚೆ ಚೀಟಿಯ ಅಂಚಿನ ಹಾಗೆ ತೂತು ಬಿದ್ದು ಅಲ್ಲೇ ಹರಿಯುತ್ತದೆ. ತೇಪೆ ಹಾಕುವುದಾದರೆ ಮೂಲೆ ದುಂಡಗೆ ಕತ್ತರಿಸಿ, ಅಂಚನ್ನು ಬಿಸಿ ಮಾಡಿದ ಕತ್ತಿಯಲ್ಲಿ ಸುಟ್ಟು ಮುಚ್ಚಬೇಕು. ಕೂವೆಮರ ಉಜ್ಜುವ ಕೊರಳಿನ ಜಾಗಕ್ಕೆ ಒಳಗಿಂದ ಇನ್ನೊಂದು ಪದರ ಕೊಡಿ, ಮೊದಲು ಸವೆಯುವುದು ಅಲ್ಲೇ. ಟೆನಾರಾ ಎಂಬ ಇನ್ನೊಂದು ನೂಲು ಉಂಟು, ಟೆಫ್ಲಾನ್ ಜಾತಿಯದು. ಬಿಸಿಲು ಅದನ್ನು ಏನೂ ಮಾಡುವುದಿಲ್ಲ. ದುಬಾರಿ, ಜಾರುವ ನೂಲು, ಮಿಷನ್ ತಿರುಪು ಸರಿಮಾಡಿಕೊಳ್ಳಬೇಕು. ಹೊಸ ಹೊದಿಕೆ ಹೊಲಿಸುವವರು ಬೇಕಾದರೆ ಅದನ್ನು ತರಿಸಲಿ. ಅರ್ಧ ಆಯುಷ್ಯ ಮುಗಿದ ಬಟ್ಟೆಗೆ ಅದು ಮುದುಕನಿಗೆ ಮದುವೆಯ ಪಂಚೆ.

ಜಿಪ್ಪಿನ ವಿಷಯವೂ ಹೀಗೆಯೇ. ಹಲ್ಲು ಸರಿ ಇರುತ್ತದೆ, ಉಪ್ಪು ಹಿಡಿದು ರನ್ನರ್ ಕೂತಿರುತ್ತದೆ. ಬದಲಾಯಿಸಬೇಕಾದ್ದು ರನ್ನರ್. ಅದಕ್ಕೂ ಮೊದಲು ಒಂದು ಚೊಂಬು ಸಿಹಿನೀರು ಹೊಯ್ದು ನೋಡಿ, ಎಷ್ಟೋ ಸಲ ಅಷ್ಟಕ್ಕೇ ಓಡುತ್ತದೆ.

ಬಟ್ಟೆ ನಿಜವಾಗಿಯೂ ಸತ್ತಿದ್ದರೆ ಜಿಪುಣತನ ಮಾಡದೆ ಬದಲಾಯಿಸಿ. ಆಗಲೂ ಒಂದು ಎಚ್ಚರಿಕೆ: ಕುಶನ್ ಅಂಗಡಿಯವರು “ರೆಕ್ಸಿನ್ ಹಾಕುವಾ, ನೀರು ಒಂದು ಹನಿ ಇಳಿಯುದಿಲ್ಲ” ಎನ್ನುತ್ತಾರೆ. ರಿಕ್ಷಾಕ್ಕೆ ಅದು ಸರಿ, ಹಾಯಿಗೆ ಸರಿಯಲ್ಲ. ನೀರು ಇಳಿಯದ ಬಟ್ಟೆಯಿಂದ ತೇವ ಹೊರಗೂ ಹೋಗುವುದಿಲ್ಲ. ಬಟ್ಟೆ ಉಸಿರಾಡಬೇಕು, ನಾಲ್ಕು ಹನಿ ಒಳಗೆ ಬಂದರೂ ಅಡ್ಡಿಯಿಲ್ಲ. ಹಳೆಯ ಹೊದಿಕೆಯನ್ನು ಹೊಲಿಗೆ ಬಿಚ್ಚಿ ನೆಲದ ಮೇಲೆ ಹಾಸಿದರೆ ಹೊಸದಕ್ಕೆ ಅದೇ ಅಳತೆಯ ಕಾಗದ. ಅದರ ಗಟ್ಟಿಯಾದ ತುಂಡುಗಳನ್ನು ಮುಂದಿನ ತೇಪೆಗೆ ಎತ್ತಿಡಿ.

ಇನ್ನು ಸಮಯ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಯ ದೋಣಿಗಳಿಗೇ ರಜೆ. ಆ ಎರಡು ತಿಂಗಳು ಹಾಯಿದೋಣಿಯವರು ಹಾಯಿಯನ್ನೂ ಹೊದಿಕೆಯನ್ನೂ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಮನೆಯೊಳಗೆ ಇಡುವುದೇ ಲೇಸು. ಹೊಲಿಸುವ ಕೆಲಸಕ್ಕೆ ಮಾತ್ರ ಆಗ ಹೊರಡಬೇಡಿ. ಮೇ ಬಂತೆಂದರೆ ಕುಶನ್ ಅಂಗಡಿಯೆದುರು ರಿಕ್ಷಾಗಳ ಸಾಲು, ಪ್ರತಿಯೊಬ್ಬನಿಗೂ ಮಳೆಗೆ ಮೊದಲು ಹುಡ್ ಆಗಬೇಕು, ನಿಮಗೆ ಸಿಗುವುದು “ನಾಳೆ ಬನ್ನಿ” ಮಾತ್ರ. ಮಾರ್ಚಿನಲ್ಲೇ ಹೋಗಿ. ಜತೆಗೆ ಅಂಗಡಿಯ ಟಾರ್ಪಾಲನ್ನೂ ಮಡಚಿಕೊಂಡು ಹೋದರೆ ಒಂದೇ ರಿಕ್ಷಾ ಬಾಡಿಗೆಯಲ್ಲಿ ಎರಡೂ ಆದೀತು.