ಕುಕ್ಕರ್ ತಂದ ನನ್ನ ಶಿಷ್ಯ

2023ರ ವಿಧಾನಸಭಾ ಚುನಾವಣೆಗೆ ಇನ್ನೊಂದು ವಾರವಿತ್ತು. ಬಸವೇಶ್ವರನಗರದ ನಮ್ಮ ಮನೆಯ ಗೇಟು ತೆಗೆದು ಬಂದವನು ನನ್ನ ಶಿಷ್ಯನೇ. ಹೆಗಲಲ್ಲಿ ಪಕ್ಷದ ಶಾಲು, ಕೈಯಲ್ಲಿ ಕುಕ್ಕರಿನ ಡಬ್ಬ. "ಮಿಸ್, ನಿಮಗೇ ಅಂತ ಎತ್ತಿಟ್ಟಿದ್ದೆ" ಎಂದ. ಏಳನೇ ತರಗತಿಯಲ್ಲಿ ಇವನಿಗೆ ಪೌರನೀತಿ ಕಲಿಸಿದವಳು ನಾನು! ಬೇಡವೆಂದಾಗ ಅವನಿಗೆ ಬೇಜಾರಾಯಿತೇ ಹೊರತು ನಾಚಿಕೆಯಾಗಲಿಲ್ಲ. "ಎಲ್ಲರೂ ತಗೋತಾರೆ ಮಿಸ್." ಅದೂ ನಿಜವೇ. ಪಕ್ಕದ ಮನೆಯಲ್ಲಿ ಅಂದು ಸಂಜೆಯೇ ಹೊಸ ಕುಕ್ಕರು ಕೂಗಿತು. ಮತಕ್ಕಾಗಿ ಲಂಚ ಕೊಡುವುದಷ್ಟೇ ಅಲ್ಲ, ಪಡೆಯುವುದೂ ಅಪರಾಧವೆಂದು 1920ರಲ್ಲೇ ದಂಡಸಂಹಿತೆಗೆ ಸೇರಿಸಿದ್ದರು. 2024ರ ಜುಲೈಯಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಹಾಗೇ ಇದೆ. ಗೃಹಿಣಿಯರಾದ ನಮಗೆ ರಿಯಾಯಿತಿಯೇನೂ ಇಲ್ಲ.

ಆದರೂ ನನ್ನ ಸಿಟ್ಟು ಆ ಹುಡುಗನ ಮೇಲಲ್ಲ, ಅವನ ಪಕ್ಷದ ಮೇಲೆ. ಯಾವ ಪಕ್ಷವಾದರೇನು, ಎಲ್ಲವೂ ಅಷ್ಟೇ. ಹತ್ತು ವರ್ಷ ದುಡಿಸಿಕೊಂಡು ಅವನಿಗೆ ಕಲಿಸಿದ್ದೇನು? ಫ್ಲೆಕ್ಸ್ ಕಟ್ಟುವುದು, ಜೈಕಾರ ಹಾಕುವುದು, ಬಸ್ಸಿಗೆ ಜನ ತುಂಬುವುದು. ಆ ಫ್ಲೆಕ್ಸುಗಳನ್ನು ತೆಗೆಸಲು 2018ರಲ್ಲಿ ಹೈಕೋರ್ಟೇ ಗದರಬೇಕಾಯಿತು. "ವಾರ್ಡ್ ಸಮಿತಿ ಅಂದರೇನಪ್ಪಾ?" ಎಂದು ಕೇಳಿದೆ. "ನಮ್ಮ ಬೂತ್ ಸಮಿತಿಯಾ ಮಿಸ್?" ಎಂದ! ಮೂರು ಲಕ್ಷ ಮೀರಿದ ಊರುಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂಬ 74ನೇ ತಿದ್ದುಪಡಿ 1993ರಲ್ಲೇ ಜಾರಿಗೆ ಬಂದಿದೆ. ಚರಂಡಿ, ಕಸ, ಬೀದಿದೀಪದ ಲೆಕ್ಕವನ್ನು ನಾವು ಎದುರಿಗೆ ಕೂತು ಕೇಳಬಹುದಾದ ಜಾಗ ಅದು.

2015ರ ಬಿಬಿಎಂಪಿ ಚುನಾವಣೆಯಲ್ಲಿ 198 ವಾರ್ಡುಗಳ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿತ್ತು. ಎಷ್ಟು ಸಂತೋಷಪಟ್ಟೆವು! ಆಮೇಲೆ ಫೋನ್ ಮಾಡಿದರೆ ಎತ್ತುತ್ತಿದ್ದವರು ಸದಸ್ಯೆಯ ಯಜಮಾನರು. ಎಲ್ಲರೂ ಹಾಗಿದ್ದರೆನ್ನುವುದಿಲ್ಲ, ಗಟ್ಟಿಗಿತ್ತಿಯರೂ ಇದ್ದರು. ಹೆಂಗಸಿಗೆ ಟಿಕೆಟ್ ಕೊಟ್ಟ ಪಕ್ಷ ಬಜೆಟ್ ಓದುವುದನ್ನು ಹೇಳಿಕೊಡದಿದ್ದರೆ ಅವಳಾದರೂ ಏನು ಮಾಡಿಯಾಳು? ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಐದು ವರ್ಷ ಕಳೆದು, 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಅಷ್ಟು ಕಾಲ ನಮಗೊಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ನಾಯಕರ ಹುಟ್ಟುಹಬ್ಬಕ್ಕೆ ಸೇರುವ ಕಾರ್ಯಕರ್ತರಲ್ಲಿ ಕಾಲುಭಾಗವೂ ಇದಕ್ಕಾಗಿ ನಮ್ಮ ಬೀದಿಗೆ ಇಳಿದದ್ದನ್ನು ನಾನು ಕಾಣೆ.

ನಮ್ಮ ಬಡಾವಣೆಗೆ ಹೆಸರಾದ ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಬಸವಜಯಂತಿಗೆ ಅವರಿಗೆ ಹಾರ ಹಾಕುವವರು ಕುಕ್ಕರಿನ ದುಡ್ಡು ಎಲ್ಲಿಂದ ಬಂತೆಂದು ಸ್ವಂತ ಕಾರ್ಯಕರ್ತರಿಗಾದರೂ ಹೇಳಿದ್ದಾರೆಯೇ? ಆ ಹುಡುಗನನ್ನು ಕೇಳಿದೆ. "ಅದೆಲ್ಲ ಕೇಳಬಾರದು ಮಿಸ್" ಎಂದ. ಕೇಳಬಾರದೆಂದು ಮಾತ್ರ ಚೆನ್ನಾಗಿ ಕಲಿಸಿದ್ದಾರೆ.

ಪಕ್ಷದ ಕಚೇರಿಯಲ್ಲಿ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಪಾಠವಿಡಲಿ, ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಸಂಬಳ ಬೇಡ, ಸೀಮೆಸುಣ್ಣವನ್ನೂ ನಾನೇ ತರುತ್ತೇನೆ ಎಂದು ಅವನ ಕೈಯಲ್ಲಿ ಹೇಳಿ ಕಳಿಸಿದ್ದೇನೆ.