ನಲವತ್ತು ಆಲ್ಬಂಗಳ ಮನೆಗೆ ಬಾಗಿಲು ಎಲ್ಲಿದೆ?

ಎಲ್ಲೋ ಒಂದು ಹಾಡು ಕಿವಿಗೆ ಬೀಳುತ್ತದೆ. ಸಿನಿಮಾದಲ್ಲೋ, ರೀಲ್ಸ್‌ನಲ್ಲೋ, ಹಾಸ್ಟೆಲಿನ ಪಕ್ಕದ ರೂಮಿನಿಂದಲೋ. ಯಾರದಪ್ಪಾ ಈ ದನಿ ಎಂದು ಹೆಸರು ಹುಡುಕಿದರೆ ಮೊಬೈಲ್ ಪರದೆಯ ಮೇಲೆ ಆಲ್ಬಂಗಳ ಸಾಲೇ ಬಂದು ನಿಲ್ಲುತ್ತದೆ. ಕೆಳಕ್ಕೆ ಸರಿಸಿದಷ್ಟೂ ಮುಗಿಯುವುದಿಲ್ಲ. ಆಗ ನಾವು ಮಾಡುವುದು ಒಂದೇ. ಮೇಲ್ಗಡೆ ‘ಪಾಪ್ಯುಲರ್’ ಅಂತ ಇರುವ ಐದು ಹಾಡು ಕೇಳಿ, ಒಂದನ್ನು ಪ್ಲೇಲಿಸ್ಟಿಗೆ ಹಾಕಿಕೊಂಡು ಮುಂದಿನವರ ಹತ್ತಿರ ಹೋಗಿಬಿಡುತ್ತೇವೆ. ಅರ್ಧ ಶತಮಾನ ದುಡಿದ ಒಬ್ಬ ಸಂಗೀತಗಾರ ನಮ್ಮ ಪಾಲಿಗೆ ಐದು ಹಾಡಿಗೆ ಮುಗಿದುಹೋಗುತ್ತಾನೆ.

ಹಿರಿಯ ರಾಕ್ ಸಂಗೀತಗಾರರ ವಿಷಯದಲ್ಲಿ ಇದು ದೊಡ್ಡ ನಷ್ಟ. ಯಾಕೆಂದರೆ ಅವರು ಯೋಚಿಸಿದ್ದು ಬಿಡಿ ಹಾಡುಗಳಲ್ಲಿ ಅಲ್ಲ, ಆಲ್ಬಂಗಳಲ್ಲಿ. ನಮ್ಮ ಮನೆಗಳಲ್ಲಿ ಹಿರಿಯರು ಭಾವಗೀತೆಯ ಕ್ಯಾಸೆಟ್ಟನ್ನು ‘ಎ’ ಸೈಡಿನಿಂದ ‘ಬಿ’ ಸೈಡಿನ ತನಕ ಕೇಳುತ್ತಿದ್ದರಲ್ಲ, ಹಾಗೆ ಕೇಳಲಿ ಎಂದೇ ಆ ಎಲ್‌ಪಿ ರೆಕಾರ್ಡುಗಳ ಹಾಡುಗಳನ್ನು ಜೋಡಿಸುತ್ತಿದ್ದರು. ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಒಬ್ಬರನ್ನೇ ಹಿಡಿದು ನೋಡೋಣ. ನಾನು ಆರಿಸಿಕೊಂಡಿರುವುದು ನೀಲ್ ಯಂಗ್.

ಯಾರು ಈ ನೀಲ್ ಯಂಗ್?

1945ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದವರು. ಐದು ವರ್ಷದವರಿದ್ದಾಗ ಪೋಲಿಯೊ ಬಂದು ಬದುಕಿ ಉಳಿದರು. 1966ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ಗೆ ಹೋಗಿ ‘ಬಫಲೊ ಸ್ಪ್ರಿಂಗ್‌ಫೀಲ್ಡ್’ ಬ್ಯಾಂಡ್ ಸೇರಿದರು. 1968ರ ಕೊನೆಗೆ ಸ್ವಂತ ಹೆಸರಿನ ಮೊದಲ ಆಲ್ಬಂ ತಂದರು. ಅಲ್ಲಿಂದ ಇಲ್ಲಿಯವರೆಗೆ ನಲವತ್ತಕ್ಕೂ ಹೆಚ್ಚು ಸ್ಟುಡಿಯೊ ಆಲ್ಬಂಗಳು ಬಂದಿವೆ. ನೇರ ಕಛೇರಿಗಳ ರೆಕಾರ್ಡಿಂಗ್‌ಗಳ ಲೆಕ್ಕ ಬೇರೆ.

1970ರ ಮೇ 4ರಂದು ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧದ ವಿರುದ್ಧ ಪ್ರತಿಭಟನೆ ನಡೆದಾಗ ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ನೋಡಿದ ನೀಲ್ ಯಂಗ್ ‘ಒಹಾಯೊ’ ಹಾಡು ಬರೆದರು. ಅದೇ ತಿಂಗಳು ರೆಕಾರ್ಡ್ ಆಗಿ, ಕೆಲವೇ ವಾರಗಳಲ್ಲಿ ಅದು ರೇಡಿಯೊದಲ್ಲಿತ್ತು. ಆಗ ಅವರಿಗೆ 24 ವರ್ಷ. ಇಂಥವರ ದನಿ ಗಟ್ಟಿಯಾಗಿ ಗುಡುಗುತ್ತದೆ ಅಂದುಕೊಳ್ಳಬೇಡಿ. ತೆಳ್ಳಗಿನ, ಮೇಲುಸ್ಥಾಯಿಯ, ಸ್ವಲ್ಪ ನಡುಗುವ ದನಿ. ಮೊದಲ ಸಲಕ್ಕೇ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಆದ್ದರಿಂದಲೇ ಯಾವ ಆಲ್ಬಂನಿಂದ ಒಳಗೆ ಹೋಗುತ್ತೇವೆ ಎನ್ನುವುದು ಮುಖ್ಯವಾಗುತ್ತದೆ.

ಮೂರು ಮಾಮೂಲಿ ದಾರಿ

ಸಾಮಾನ್ಯವಾಗಿ ಮೂರು ಸಲಹೆ ಸಿಗುತ್ತವೆ. ಒಂದು, ಮೊದಲ ಆಲ್ಬಂನಿಂದ ಶುರು ಮಾಡಿ ವರ್ಷದ ಕ್ರಮದಲ್ಲಿ ಬನ್ನಿ ಎನ್ನುವುದು. ಶಿಸ್ತಿನ ದಾರಿ, ನಿಜ. ಆದರೆ 1968ರ ಆ ಮೊದಲ ಆಲ್ಬಂನಲ್ಲಿ ನೀಲ್ ಯಂಗ್ ಇನ್ನೂ ತಮ್ಮನ್ನು ಹುಡುಕಿಕೊಳ್ಳುತ್ತಿದ್ದರು. ಪದರ ಪದರವಾಗಿ ವಾದ್ಯಗಳನ್ನು ಸೇರಿಸಿದ್ದರಿಂದ ದನಿಯೇ ಹಿಂದೆ ಸರಿದಿದೆ. ಸಿಲಬಸ್ ಮುಗಿಸುವ ಹಾಗೆ ಕೇಳಲು ಹೊರಟವರು ಇಲ್ಲೇ ಸುಸ್ತಾಗುತ್ತಾರೆ.

ಎರಡನೆಯದು, ‘ಗ್ರೇಟೆಸ್ಟ್ ಹಿಟ್ಸ್’. 2004ರಲ್ಲಿ ಅಂಥದ್ದೊಂದು ಸಂಕಲನ ಬಂತು. ಅದಕ್ಕೆ ಹಾಡುಗಳನ್ನು ಆರಿಸಿದ್ದು ಮಾರಾಟ, ರೇಡಿಯೊ ಪ್ರಸಾರ ಮತ್ತು ಡೌನ್‌ಲೋಡ್‌ಗಳ ಲೆಕ್ಕದ ಮೇಲೆ. ಒಟ್ಟು 16 ಹಾಡುಗಳಲ್ಲಿ 11 ಹಾಡು 1969ರಿಂದ 1972ರೊಳಗಿನವು. ಒಂದೊಂದೂ ಒಳ್ಳೆಯ ಹಾಡೇ. ಆದರೆ ಐವತ್ತು ವರ್ಷದ ಬದುಕಿನಲ್ಲಿ ಬಹುಪಾಲು ನಾಲ್ಕೇ ವರ್ಷ ಕಾಣಿಸುತ್ತದೆ. ಸಂಕಲನವೇ ಬೇಕೆನ್ನುವವರು 1977ರ ‘ಡೆಕೇಡ್’ ಕೇಳಬಹುದು. ಅದರ 35 ಹಾಡುಗಳನ್ನು ಸ್ವತಃ ಅವರೇ ಆರಿಸಿ, ಕೈಬರಹದಲ್ಲಿ ಟಿಪ್ಪಣಿ ಬರೆದಿದ್ದಾರೆ. ಅದೂ 1977ಕ್ಕೇ ನಿಲ್ಲುತ್ತದೆ ಎನ್ನುವುದು ಬೇರೆ ಮಾತು.

ಮೂರನೆಯದು, ಎಲ್ಲಕ್ಕಿಂತ ಹೆಸರಾದ ಆಲ್ಬಂ. ಅದು 1972ರ ‘ಹಾರ್ವೆಸ್ಟ್’. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ. ‘ಹಾರ್ಟ್ ಆಫ್ ಗೋಲ್ಡ್’ ಇರುವುದು ಇದರಲ್ಲೇ. ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದ ಅವರ ಏಕೈಕ ಹಾಡು ಅದು. ಇಲ್ಲಿಂದ ಶುರು ಮಾಡಿದರೆ ತಪ್ಪೇನಿಲ್ಲ, ಬಹಳ ಮಂದಿ ಶುರು ಮಾಡಿದ್ದೂ ಇಲ್ಲಿಂದಲೇ. ತೊಂದರೆ ಏನೆಂದರೆ, ಗಿಟಾರು ಹಿಡಿದು ಮೆಲ್ಲಗೆ ಹಾಡುವ ಒಬ್ಬ ಸೌಮ್ಯ ಮನುಷ್ಯ ಮಾತ್ರ ಇದರಲ್ಲಿ ಎದ್ದು ಕಾಣುತ್ತಾನೆ. ಅದನ್ನೇ ನಿರೀಕ್ಷಿಸಿ ಮುಂದಿನ ಆಲ್ಬಂಗೆ ಹೋದವರಿಗೆ ಮುಖಕ್ಕೆ ನೀರು ಎರಚಿದ ಹಾಗಾಗುತ್ತದೆ.

ನನ್ನ ಸಲಹೆ: 1979

ಹಾಗಾಗಿ ನಾನು ಹೇಳುವ ಬಾಗಿಲು ‘ರಸ್ಟ್ ನೆವರ್ ಸ್ಲೀಪ್ಸ್’. ತುಕ್ಕಿಗೆ ನಿದ್ದೆಯಿಲ್ಲ ಎಂದು ಆ ಹೆಸರಿನ ಅರ್ಥ. ಸುಮ್ಮನೆ ಕೂತರೆ ತುಕ್ಕು ಹಿಡಿಯುವುದು ಗ್ಯಾರಂಟಿ ಎಂದು ಮೂವತ್ತು ದಾಟಿದ ಸಂಗೀತಗಾರನೊಬ್ಬ ತನಗೆ ತಾನೇ ಕೊಟ್ಟುಕೊಂಡ ಎಚ್ಚರಿಕೆ. ಇಂಗ್ಲೆಂಡಿನಲ್ಲಿ ಪಂಕ್ ಹುಡುಗರು ಬಂದು ಹಳೆಯ ರಾಕ್ ತಾರೆಯರನ್ನು ಗೇಲಿ ಮಾಡುತ್ತಿದ್ದ ಕಾಲ ಅದು. ಆ ಪೀಳಿಗೆಯ ಹಲವರು ಮುಖ ತಿರುಗಿಸಿದರೆ, ನೀಲ್ ಯಂಗ್ ಕಿವಿಗೊಟ್ಟರು.

ಆಲ್ಬಂ ಸುಮಾರು 38 ನಿಮಿಷದ್ದು. ಹೆಚ್ಚಿನ ಭಾಗ ವೇದಿಕೆಯ ಮೇಲೆ ನುಡಿಸಿದ್ದು. ಜನರ ಚಪ್ಪಾಳೆ, ಕೂಗನ್ನು ಆದಷ್ಟು ತೆಗೆದು, ಮೇಲೆ ಸ್ವಲ್ಪ ಸ್ಟುಡಿಯೊ ಕೆಲಸ ಸೇರಿಸಿದ್ದಾರೆ. ಮೊದಲ ಸೈಡಿನಲ್ಲಿ ಐದು ಹಾಡು, ಅಕೌಸ್ಟಿಕ್ ಗಿಟಾರಿನ ಮೇಲೆ. ಎರಡನೇ ಸೈಡಿನಲ್ಲಿ ನಾಲ್ಕು ಹಾಡು, ‘ಕ್ರೇಜಿ ಹಾರ್ಸ್’ ಬ್ಯಾಂಡಿನ ಜೊತೆ ಎಲೆಕ್ಟ್ರಿಕ್ ಗಿಟಾರಿನ ಅಬ್ಬರದಲ್ಲಿ. ಇನ್ನೂ ಸ್ವಾರಸ್ಯವೆಂದರೆ ಆಲ್ಬಂ ಯಾವ ಹಾಡಿನಿಂದ ಶುರುವಾಗುತ್ತದೋ ಹೆಚ್ಚುಕಮ್ಮಿ ಅದೇ ಹಾಡಿನಿಂದ ಮುಗಿಯುತ್ತದೆ. ಮೊದಲು ಒಂಟಿ ಗಿಟಾರು, ಮೆತ್ತಗಿನ ದನಿ. ಕೊನೆಗೆ ಅದೇ ರಾಗ, ಕಿವಿ ಗುಂಯ್‌ಗುಡುವ ಸದ್ದಿನಲ್ಲಿ. ಒಂದೇ ಹಾಡು ಇಬ್ಬರು ಮನುಷ್ಯರ ಬಾಯಲ್ಲಿ ಬಂದ ಹಾಗೆ. ಆ ಇಬ್ಬರೂ ನೀಲ್ ಯಂಗ್‌ರೇ.

ನಡುವೆ ಇರುವ ‘ಪೌಡರ್‌ಫಿಂಗರ್’ ಅನ್ನು ಬಿಡಲೇಬೇಡಿ. ನದಿಯಲ್ಲಿ ಬಂದೂಕು ಹೊತ್ತ ದೋಣಿ ಬರುತ್ತಿದೆ, ಮನೆಯಲ್ಲಿ ಅಪ್ಪ ಇಲ್ಲ, ನಿರ್ಧಾರ 22ರ ಹುಡುಗನೊಬ್ಬನ ತಲೆಮೇಲೆ ಬಿದ್ದಿದೆ. ಅವನು ಗುಂಡೇಟು ತಿನ್ನುತ್ತಾನೆ. ಕಥೆ ಹೇಳುತ್ತಿರುವವನೂ ಅವನೇ ಎಂಬುದು ಹೊಳೆದಾಗ ಮೈ ಜುಮ್ಮೆನ್ನುತ್ತದೆ. ಈ ಪುಟ ಓದುವ ನಮ್ಮಲ್ಲಿ ಬಹುತೇಕರು ಅವನ ಓರಗೆಯವರೇ.

ಇದನ್ನು ಬಾಗಿಲು ಎಂದದ್ದಕ್ಕೆ ಕಾರಣ, ಮುಂದೆ ಎಲ್ಲಿಗೆ ಹೋಗಬೇಕೆಂದು ಇದು ನಿಮ್ಮ ಕಿವಿಯನ್ನೇ ಕೇಳುತ್ತದೆ. ಯಾವ ಸೈಡು ಇಷ್ಟವಾಯಿತು? ಅದರ ಮೇಲೆ ದಾರಿ ಎರಡಾಗುತ್ತದೆ.

ಮೊದಲ ಸೈಡು ಹಿಡಿಸಿದವರಿಗೆ

1970ರ ‘ಆಫ್ಟರ್ ದಿ ಗೋಲ್ಡ್ ರಷ್’ಗೆ ಹೋಗಿ. ಇದರಲ್ಲಿ ಪಿಯಾನೊ ನುಡಿಸಿದ ನಿಲ್ಸ್ ಲಾಫ್‌ಗ್ರೆನ್ ಹದಿಹರೆಯದ ಹುಡುಗ, ಅದೂ ಮೂಲತಃ ಗಿಟಾರಿಸ್ಟ್. ಪಳಗಿದ ಕೈಗಿಂತ ಹೊಸ ಕೈಯ ಹಿಂಜರಿಕೆಯೇ ಚೆನ್ನ ಎಂದು ನೀಲ್ ಯಂಗ್‌ಗೆ ಅನ್ನಿಸಿತ್ತು. ಆಮೇಲೆ ‘ಹಾರ್ವೆಸ್ಟ್’, 1978ರ ‘ಕಮ್ಸ್ ಎ ಟೈಮ್’, ಕೊನೆಗೆ 1992ರ ‘ಹಾರ್ವೆಸ್ಟ್ ಮೂನ್’. ‘ಹಾರ್ವೆಸ್ಟ್’ ಬಂದು ಇಪ್ಪತ್ತು ವರ್ಷದ ಮೇಲೆ ಅದೇ ವಾದ್ಯಗಾರರಲ್ಲಿ ಹಲವರನ್ನು ಸೇರಿಸಿ ಮಾಡಿದ ಆಲ್ಬಂ ಇದು. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಒಬ್ಬ ಮನುಷ್ಯನಿಗೆ ವಯಸ್ಸಾಗುವುದು ಕಿವಿಗೆ ಕೇಳಿಸುತ್ತದೆ.

ಎರಡನೇ ಸೈಡು ಹಿಡಿಸಿದವರಿಗೆ

1969ರ ‘ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್’. ‘ಕ್ರೇಜಿ ಹಾರ್ಸ್’ ಜೊತೆಗಿನ ಮೊದಲ ಆಲ್ಬಂ. ಇದರ ಮೂರು ಮುಖ್ಯ ಹಾಡುಗಳು ಜ್ವರದಲ್ಲಿ ಮಲಗಿದ್ದಾಗ ಹುಟ್ಟಿದವು ಎಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ ಎರಡು ಹಾಡು ಒಂಬತ್ತು, ಹತ್ತು ನಿಮಿಷದ್ದು. ‘ಸಿನಮನ್ ಗರ್ಲ್’ ಹಾಡಿನ ಗಿಟಾರ್ ಸೋಲೊದಲ್ಲಿ ಒಂದೇ ಸ್ವರವನ್ನು ಮತ್ತೆ ಮತ್ತೆ ಬಾರಿಸುತ್ತಾರೆ. ಗಿಟಾರ್ ಕಲಿಯುತ್ತಿರುವವರು ಕೇಳಲೇಬೇಕು. ವೇಗವೇ ಎಲ್ಲವೂ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನಂತರ 1975ರ ‘ಝೂಮಾ’, 1990ರ ‘ರ‍್ಯಾಗ್ಡ್ ಗ್ಲೋರಿ’, 1995ರಲ್ಲಿ ತಮಗಿಂತ ಒಂದು ತಲೆಮಾರು ಚಿಕ್ಕವರಾದ ‘ಪರ್ಲ್ ಜ್ಯಾಮ್’ ಬ್ಯಾಂಡಿನವರ ಜೊತೆ ಮಾಡಿದ ‘ಮಿರರ್ ಬಾಲ್’.

ಹಿಟ್ ಆದ ಮೇಲೆ ಏನು ಮಾಡಿದರು?

ಎರಡು ದಾರಿಯಲ್ಲಿ ಸ್ವಲ್ಪ ಓಡಾಡಿದ ಮೇಲೆ ಮಾತ್ರ ಮೂರನೆಯದಕ್ಕೆ ಬನ್ನಿ. ‘ಹಾರ್ವೆಸ್ಟ್’ ಗೆದ್ದಿತ್ತು. ಇನ್ನೊಂದು ‘ಹಾರ್ವೆಸ್ಟ್’ ಮಾಡಿದ್ದರೆ ಹಣ, ಹೆಸರು ಎರಡೂ ಗ್ಯಾರಂಟಿ. ಅಷ್ಟರಲ್ಲಿ, 1972ರ ನವೆಂಬರಿನಲ್ಲಿ, ‘ಕ್ರೇಜಿ ಹಾರ್ಸ್’ನ ಗಿಟಾರಿಸ್ಟ್ ಡ್ಯಾನಿ ವಿಟನ್ ಮಾದಕ ವ್ಯಸನಕ್ಕೆ ಬಲಿಯಾದರು. ಮರುವರ್ಷ ತಂಡದ ಜೊತೆ ಓಡಾಡುತ್ತಿದ್ದ ಇನ್ನೊಬ್ಬ ಗೆಳೆಯ ಬ್ರೂಸ್ ಬೆರಿ ಕೂಡ. ಆ ದುಃಖದಲ್ಲಿ ಹುಟ್ಟಿದ್ದು ‘ಟುನೈಟ್ಸ್ ದಿ ನೈಟ್’. ದನಿ ಒಡೆಯುತ್ತದೆ, ಶ್ರುತಿ ತಪ್ಪುತ್ತದೆ, ಯಾವುದನ್ನೂ ತಿದ್ದಿಲ್ಲ. 1973ರಲ್ಲಿ ಧ್ವನಿಮುದ್ರಣವಾದರೂ ಹೊರಬಂದದ್ದು 1975ರಲ್ಲಿ. ಆ ಹೊತ್ತಿಗೆ ‘ಹೋಮ್‌ಗ್ರೋನ್’ ಎಂಬ ಇಂಪಾದ ಆಲ್ಬಂ ಬಿಡುಗಡೆಗೆ ಸಿದ್ಧವಾಗಿತ್ತು. ಗೆಳೆಯರ ಎದುರು ಎರಡನ್ನೂ ಹಾಕಿ ಕೇಳಿದ ನೀಲ್ ಯಂಗ್ ಇಂಪಾದದ್ದನ್ನು ಪಕ್ಕಕ್ಕಿಟ್ಟು ಒಡೆದ ದನಿಯದ್ದನ್ನು ಜನರ ಕೈಗಿತ್ತರು. ‘ಹೋಮ್‌ಗ್ರೋನ್’ ಬೆಳಕು ಕಂಡದ್ದು 2020ರಲ್ಲಿ! ಈ ಅವಧಿಯ ‘ಟೈಮ್ ಫೇಡ್ಸ್ ಅವೇ’, ‘ಆನ್ ದಿ ಬೀಚ್’ ಕೂಡ ಇದೇ ಜಾತಿಯವು. ನಡುರಸ್ತೆಯ ಪಯಣ ಬೇಸರವಾಗಿ ಹಳ್ಳದ ಕಡೆಗೆ ಗಾಡಿ ತಿರುಗಿಸಿದೆ ಎಂಬರ್ಥದ ಮಾತನ್ನು ಅವರು ಮುಂದೆ ‘ಡೆಕೇಡ್’ನ ಟಿಪ್ಪಣಿಯಲ್ಲಿ ಬರೆದರು.

ಇದಕ್ಕಿಂತ ವಿಚಿತ್ರ 1980ರ ದಶಕ. 1982ರ ‘ಟ್ರಾನ್ಸ್’ನಲ್ಲಿ ತಮ್ಮ ದನಿಯನ್ನೇ ವೊಕೋಡರ್ ಯಂತ್ರಕ್ಕೆ ಹಾಕಿ ರೋಬೊ ಥರ ಹಾಡಿದರು. ಜನ ತಲೆ ಕೆರೆದುಕೊಂಡರು. ಸೆರೆಬ್ರಲ್ ಪಾಲ್ಸಿ ಇದ್ದ ಮಗ ಮಾತನಾಡಲಾರ, ಅವನೊಂದಿಗೆ ಹೇಗಾದರೂ ಸಂಪರ್ಕ ಸಾಧಿಸಬೇಕೆಂಬ ತಂದೆಯ ಒದ್ದಾಟ ಅದರೊಳಗಿತ್ತು ಎಂಬುದು ಹೆಚ್ಚಿನವರಿಗೆ ತಿಳಿದದ್ದು ಆಮೇಲೆ. ಅದನ್ನು ತಿಳಿದು ಕೇಳಿದರೆ ಆ ಯಂತ್ರದ ದನಿಗೇ ಕಣ್ಣು ತೇವವಾಗುತ್ತದೆ. 1983ರಲ್ಲಿ ಅವರ ರೆಕಾರ್ಡ್ ಕಂಪನಿ ಗೆಫೆನ್ 33 ಲಕ್ಷ ಡಾಲರ್‌ಗೆ ದಾವೆ ಹೂಡಿತು. ತಕರಾರು ಏನು ಗೊತ್ತೇ? ಇವರು ಕೊಡುತ್ತಿರುವ ಆಲ್ಬಂಗಳು ನೀಲ್ ಯಂಗ್ ಆಲ್ಬಂಗಳ ಹಾಗಿಲ್ಲ ಎನ್ನುವುದು! ನೀಲ್ ಯಂಗ್ ಹೇಗಿರಬೇಕೆಂದು ನೀಲ್ ಯಂಗ್‌ಗೇ ಪಾಠ. ದಾವೆ ಮುಂದೆ ಬಿದ್ದುಹೋಯಿತು. ದಶಕದ ಕೊನೆಗೆ, 1989ರಲ್ಲಿ, ‘ಫ್ರೀಡಂ’ ಆಲ್ಬಂನೊಂದಿಗೆ ಅವರು ಮತ್ತೆ ಎದ್ದು ನಿಂತರು.

ಈ ಕಥೆ ನಮಗೆ ಯಾಕೆ ಬೇಕು? ಪಿಯುಸಿಯಲ್ಲಿ ಆರಿಸಿದ ವಿಷಯಕ್ಕೆ, ಮೊದಲ ಕೆಲಸಕ್ಕೆ, ಒಂದು ಸಲ ಶಹಭಾಸ್ ಸಿಕ್ಕಿದ ದಾರಿಗೆ ಜೀವನಪೂರ್ತಿ ಅಂಟಿಕೊಂಡಿರಬೇಕು ಎಂದು ಹೇಳುವವರು ನಮ್ಮ ಸುತ್ತಲೂ ಇದ್ದಾರೆ. ‘ನೀನು ಹೀಗಿರಲಿಲ್ಲ, ಬದಲಾಗಿಬಿಟ್ಟೆ’ ಎನ್ನುವುದು ಬೈಗುಳವೇ ಆಗಿದೆ. ಬದಲಾಗುವ ಹಕ್ಕನ್ನು ಬಿಟ್ಟುಕೊಡದ ಮನುಷ್ಯನ ಬದುಕು ಹೇಗಿರುತ್ತದೆ ಎಂಬುದು ಈ ಆಲ್ಬಂಗಳ ಸಾಲಿನಲ್ಲಿದೆ. ಸೋಲು ಅದರಲ್ಲಿ ಧಾರಾಳವಾಗಿದೆ. ಗೆದ್ದ ಹಾಡುಗಳನ್ನಷ್ಟೇ ಆಯ್ದು ಕೊಡುವ ಪ್ಲೇಲಿಸ್ಟು ಮೊದಲು ಕತ್ತರಿಸಿ ಎಸೆಯುವುದು ಈ ಸೋಲುಗಳನ್ನೇ. ನಮಗೆ ಬೇಕಾದ ಧೈರ್ಯ ಇರುವುದೂ ಅಲ್ಲೇ.

ಸಮಯ ಎಲ್ಲಿದೆ ಎನ್ನುವವರಿಗೆ

38 ನಿಮಿಷ ಎಂದರೆ ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಸಿಗುವ ಸಮಯ. ಶಫಲ್ ಬಟನ್ ಆಫ್ ಮಾಡಿ, ಹಾಡು ಹಾರಿಸಬೇಡಿ. ಇಂಗ್ಲಿಷ್ ಪದಗಳು ಪೂರ್ತಿ ತಿಳಿಯುವುದಿಲ್ಲ ಎಂಬ ಅಳುಕು ಬೇಡ. ಮೊದಲ ಸಲ ದನಿ ಕೇಳಿ, ಎರಡನೇ ಸಲ ಸಾಹಿತ್ಯ ತೆರೆದಿಟ್ಟುಕೊಂಡು ಕೇಳಿ. ಅವರ ಸಾಲುಗಳು ಸರಳ ಪದಗಳವೇ. ಹುಡುಕುವುದೂ ಕಷ್ಟವಲ್ಲ. ಕೋವಿಡ್ ಲಸಿಕೆಯ ಬಗ್ಗೆ ಸುಳ್ಳು ಹರಡುವ ಪಾಡ್‌ಕಾಸ್ಟ್‌ಗೆ ಜಾಗ ಕೊಟ್ಟಿದ್ದಾರೆಂದು 2022ರಲ್ಲಿ ಸ್ಪಾಟಿಫೈನಿಂದ ತಮ್ಮ ಹಾಡುಗಳನ್ನು ತೆಗೆಸಿದ್ದ ಅವರು 2024ರಲ್ಲಿ ಮರಳಿದ್ದಾರೆ.

ನೀಲ್ ಯಂಗ್ ನಿಮಗೆ ಒಗ್ಗದೇ ಇರಬಹುದು. ಪರವಾಗಿಲ್ಲ. ಬಾಬ್ ಡಿಲನ್ ಇರಲಿ, ಜೋನಿ ಮಿಚೆಲ್ ಇರಲಿ, ಬಾಗಿಲು ಹುಡುಕುವ ಉಪಾಯ ಇದೇ. ಅವರ ಎರಡು ಮುಖವೂ ಕಾಣುವ ಒಂದು ಆಲ್ಬಂ ಆರಿಸಿ, ಪೂರ್ತಿ ಕೇಳಿ, ಆಮೇಲೆ ನಿಮ್ಮ ಕಿವಿ ಎಳೆದ ಕಡೆ ನಡೆಯಿರಿ. ಯಾರೋ ಮಾಡಿಟ್ಟ ‘ಟಾಪ್ ಟೆನ್’ ಪಟ್ಟಿ ಅಷ್ಟು ಹೊತ್ತು ಕಾಯಲಿ. ಈ ವಾರಾಂತ್ಯಕ್ಕೆ ಒಂದು ಆಲ್ಬಂ, ಒಂದು ಸಲ, ಪೂರ್ತಿ. ಅಷ್ಟು ಸಾಕು.